ಹೊರದೇಶದ ಚುನಾವಣೆ ಗಲಾಟೆ ಮತ್ತು ನಮ್ಮ ರೊಕ್ಕ: ಕಲಬುರಗಿ ತೊಗರಿ ಮಂದಿಗೆ ಒಂದು ಕೈಪಿಡಿ

ಕಲಬುರಗಿ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ದರದ ಮಾತು ಬಂದರೆ ಮೊದಲು ಮಳೆ ವಿಚಾರಿಸುತ್ತಾರೆ, ಆಮೇಲೆ ಆವಕ, ಆಮೇಲೆ ಬೆಂಬಲ ಬೆಲೆ. ಮೊಜಾಂಬಿಕ್‌ನಲ್ಲಿ ಚುನಾವಣೆ ಯಾವಾಗ ಅಂತ ವಿಚಾರಿಸುವವರು ಬಹಳ ಕಡಿಮೆ. ಆದರೆ ವಿಚಾರಿಸಲೇಬೇಕು.

ಯಾಕೆ ಅಂದರೆ, ನಾವು ಎಷ್ಟೇ ತೊಗರಿ ಬೆಳೆದರೂ ದೇಶಕ್ಕೆ ಸಾಲುವುದಿಲ್ಲ. 2016ರಲ್ಲಿ ಭಾರತ ಸರ್ಕಾರ ಮೊಜಾಂಬಿಕ್ ಜೊತೆ ತೊಗರಿ ಒಪ್ಪಂದ ಮಾಡಿಕೊಂಡಿತು. ಅದು 1 ಲಕ್ಷ ಟನ್‌ನಿಂದ ಶುರುವಾಗಿ ವರ್ಷಕ್ಕೆ 2 ಲಕ್ಷ ಟನ್‌ವರೆಗೆ ಹೋಗುವ ಒಪ್ಪಂದ. 2021ರಲ್ಲಿ ಮಲಾವಿ ಜೊತೆ 50 ಸಾವಿರ ಟನ್, ಮ್ಯಾನ್ಮಾರ್ ಜೊತೆ 1 ಲಕ್ಷ ಟನ್‌ಗೆ ಸಹಿ ಬಿತ್ತು. ತಾಂಜಾನಿಯಾ ಮಾಲೂ ಬರುತ್ತದೆ. ನಮ್ಮ ದಾಲ್ ಮಿಲ್‌ನವರು ಮುಂಬೈ, ಚೆನ್ನೈ ಇಂಪೋರ್ಟರ್‌ಗಳ ಕೈಯಿಂದ ಈ ಮಾಲು ತರುತ್ತಾರೆ. ಕೆಲವರಿಗೆ ನೇರವಾಗಿ ತರಿಸುವ ಆಸೆ. ಇನ್ನು ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ, ಅಲ್ಲೇ ಒಂದು ಗೋದಾಮು ಹಾಕೋಣ, ಕ್ಲೀನಿಂಗ್ ಮಷೀನ್ ಕೂರಿಸೋಣ, ರೈತರ ಹತ್ತಿರ ನೇರ ಕೊಳ್ಳೋಣ ಅನ್ನುತ್ತಾರೆ. ಹಾಗೆ ಮಾಡಿದ ದಿನವೇ ನೀವು ಆ ದೇಶಕ್ಕೆ ವಿದೇಶಿ ಹೂಡಿಕೆದಾರರು. ಪೇಪರಿನಲ್ಲಿ ಓದುವ ದೊಡ್ಡ ಕಂಪನಿಗಳಿಗೆ ಇರುವ ಅಪಾಯವೇ ನಿಮಗೂ ಇರುತ್ತದೆ. ಅವರ ವಕೀಲರು, ಅವರ ವಿಮೆ ಮಾತ್ರ ನಿಮ್ಮ ಹತ್ತಿರ ಇರುವುದಿಲ್ಲ.

ಆದ್ದರಿಂದ ಈ ಲೆಕ್ಕ ಹಾಕುವುದು ಹೇಗೆ ಅಂತ ನನಗೆ ತಿಳಿದಷ್ಟು ಬರೆಯುತ್ತಿದ್ದೇನೆ.

ಮತದಾನದ ದಿನ ಬಿಡಿ, ಅದರ ನಂತರದ ದಿನ ಎಣಿಸಿ

ಎಲ್ಲರೂ ಮಾಡುವ ತಪ್ಪು ಇದೇ. ಮತದಾನದ ದಿನ ಶಾಂತವಾಗಿ ಮುಗಿಯಿತು ಅಂದ ಕೂಡಲೇ ಅಪಾಯ ಮುಗಿಯಿತು ಅಂದುಕೊಳ್ಳುತ್ತಾರೆ. ಮೊಜಾಂಬಿಕ್ ನೋಡಿ. 2024ರ ಅಕ್ಟೋಬರ್ 9ರಂದು ಮತದಾನ ಆಯಿತು. ಅಕ್ಟೋಬರ್ 19ರಂದು ವಿರೋಧ ಪಕ್ಷದ ನಾಯಕ ವೆನಾನ್ಸಿಯೊ ಮೊಂಡ್ಲೇನ್ ಅವರ ವಕೀಲ ಎಲ್ವಿನೊ ಡಿಯಾಸ್, ಪಕ್ಷದ ಮುಖಂಡ ಪಾಲೊ ಗ್ವಾಂಬೆ ಇಬ್ಬರನ್ನೂ ರಾಜಧಾನಿ ಮಪುಟೊದಲ್ಲಿ ಕಾರಿನಲ್ಲೇ ಗುಂಡಿಟ್ಟು ಕೊಂದರು. ಅಕ್ಟೋಬರ್ 24ಕ್ಕೆ ಆಡಳಿತ ಪಕ್ಷ ಫ್ರೆಲಿಮೊದ ಡೇನಿಯಲ್ ಚಾಪೊ ಗೆದ್ದರು ಅಂತ ಚುನಾವಣಾ ಆಯೋಗ ಹೇಳಿತು. ಮರುದಿನವೇ ಮೊಬೈಲ್ ಇಂಟರ್ನೆಟ್‌ಗೆ ಕತ್ತರಿ ಬಿತ್ತು. ಡಿಸೆಂಬರ್ 23ಕ್ಕೆ ಅಲ್ಲಿನ ಸಂವಿಧಾನ ಮಂಡಳಿ ಫಲಿತಾಂಶಕ್ಕೆ ಮುದ್ರೆ ಒತ್ತಿತು, ಆ ವಾರವೇ ಅತಿ ಕೆಟ್ಟ ವಾರ ಆಯಿತು. ಮಪುಟೊ ಮತ್ತು ಮಟೋಲಾದಲ್ಲಿ ಗೋದಾಮು, ಅಂಗಡಿ ಲೂಟಿಯಾದವು. ಕ್ರಿಸ್‌ಮಸ್ ದಿನ ಜೈಲು ಒಡೆದು 1,500ಕ್ಕೂ ಜಾಸ್ತಿ ಕೈದಿಗಳು ಹೊರಬಂದರು. ಪ್ರಮಾಣ ವಚನ ಆದದ್ದು 2025ರ ಜನವರಿ 15ಕ್ಕೆ. ಮತದಾನದಿಂದ ಅಲ್ಲಿಗೆ 98 ದಿನ. ಅಷ್ಟರಲ್ಲಿ 300ಕ್ಕೂ ಹೆಚ್ಚು ಜನ ಸತ್ತರು ಅಂತ ಅಲ್ಲಿನ ನಾಗರಿಕ ಸಂಘಟನೆಗಳು ಲೆಕ್ಕ ಕೊಟ್ಟವು. ಬಹಳ ಮಂದಿ ನಮ್ಮ ಮನೆ ಹುಡುಗರ ವಯಸ್ಸಿನವರೇ.

ಹೀಗಾಗಿ ಕ್ಯಾಲೆಂಡರ್ ಮೇಲೆ ಮೂರು ದಿನ ಗುರುತು ಹಾಕಿ: ಮತದಾನ, ಅಂತಿಮ ಫಲಿತಾಂಶಕ್ಕೆ ಮುದ್ರೆ ಬೀಳುವ ದಿನ, ಪ್ರಮಾಣ ವಚನ. ನಿಮ್ಮ ಅಪಾಯ ಇರುವುದು ಮೊದಲ ದಿನಕ್ಕೂ ಮೂರನೇ ದಿನಕ್ಕೂ ನಡುವೆ. ಕೀನ್ಯಾದಲ್ಲೂ ಹಾಗೇ ಆಯಿತು. 2007ರ ಡಿಸೆಂಬರ್ 27ರ ಮತದಾನಕ್ಕೆ ಜನ ಸಾಲುಗಟ್ಟಿ ನಿಂತಿದ್ದರು. ಬೆಂಕಿ ಹತ್ತಿದ್ದು ಡಿಸೆಂಬರ್ 30ಕ್ಕೆ, ಫಲಿತಾಂಶ ಹೇಳಿದ ಮೇಲೆ. ವಿಶ್ವಸಂಸ್ಥೆಯ ಹಿಂದಿನ ಮುಖ್ಯಸ್ಥ ಕೋಫಿ ಅನ್ನಾನ್ ಮಧ್ಯಸ್ಥಿಕೆ ವಹಿಸಿ ಒಪ್ಪಂದಕ್ಕೆ ಸಹಿ ಬಿದ್ದದ್ದು ಫೆಬ್ರವರಿ 28ಕ್ಕೆ. ಅಷ್ಟರಲ್ಲಿ 1,100ಕ್ಕೂ ಹೆಚ್ಚು ಜೀವ ಹೋಗಿದ್ದವು, ಲಕ್ಷಗಟ್ಟಲೆ ಜನ ಮನೆ ಬಿಟ್ಟಿದ್ದರು. ಹಿಂದಿನ ವರ್ಷ ಶೇ 7ರ ಆಸುಪಾಸು ಬೆಳೆದಿದ್ದ ದೇಶದ ಆರ್ಥಿಕತೆ 2008ರಲ್ಲಿ ಶೇ 2ನ್ನೂ ಮುಟ್ಟಲಿಲ್ಲ.

ಈಗ ನಮ್ಮ ತೊಗರಿ ಕ್ಯಾಲೆಂಡರ್ ಪಕ್ಕದಲ್ಲಿಟ್ಟು ನೋಡಿ. ಪೂರ್ವ ಆಫ್ರಿಕಾದಲ್ಲಿ ತೊಗರಿ ರಾಶಿ ಜುಲೈಯಿಂದ ಸೆಪ್ಟೆಂಬರ್‌ವರೆಗೆ. ಹಡಗು ಹತ್ತುವುದು ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ. ಮಲಾವಿಯ ಚುನಾವಣೆ ಸೆಪ್ಟೆಂಬರ್‌ನಲ್ಲಿ ಆಯಿತು, ಮೊಜಾಂಬಿಕ್ ಮತ್ತು ತಾಂಜಾನಿಯಾದ್ದು ಅಕ್ಟೋಬರ್‌ನಲ್ಲಿ. ಸರಿಯಾಗಿ ಲೋಡಿಂಗ್ ಹೊತ್ತಿಗೇ ಗಲಾಟೆ. ನವೆಂಬರ್‌ನಲ್ಲಿ ಬರಬೇಕಾದ ಕಂಟೇನರ್ ಜನವರಿಗೆ ಬಂದರೆ ಏನಾಗುತ್ತದೆ? ಆಗ ಆಳಂದ, ಜೇವರ್ಗಿ, ಚಿತ್ತಾಪುರ, ಅಫಜಲಪುರದ ಹೊಸ ತೊಗರಿ ಗಂಜ್‌ಗೆ ಬಂದು ಬೀಳುತ್ತಿರುತ್ತದೆ. ಮಿಲ್‌ನವರು ನವೆಂಬರ್‌ನ ದರಕ್ಕೆ ಮಾತಾಡಿ ತಂದ ಮಾಲನ್ನು ಜನವರಿ ದರಕ್ಕೆ ಇಳಿಸಿಕೊಳ್ಳಬೇಕು. ರೈತನ ಮಾಲಿನ ಸವಾಲು (ಹರಾಜು) ಕೂಗುವ ಹೊತ್ತಿಗೆ ಹೊರಗಿನ ಮಾಲೂ ಬಂದು ಎದುರು ನಿಲ್ಲುತ್ತದೆ. ಒಂದೇ ತಡ, ಇಬ್ಬರಿಗೂ ಹೊಡೆತ. ಅದಕ್ಕೇ ಇದು ಬರೀ ಮಿಲ್ ಮಾಲೀಕರ ವಿಷಯ ಅಲ್ಲ ಅಂತ ನಾನು ಹೇಳುವುದು.

ರೈತರಿಗೆ ಇಲ್ಲೇ ಒಂದು ಮಾತು. ಅಕ್ಟೋಬರ್‌ನಲ್ಲಿ ಆಫ್ರಿಕಾದಲ್ಲಿ ಗಲಾಟೆ ಸುದ್ದಿ ಬಂದಾಗ ದರ ಸ್ವಲ್ಪ ಏರಬಹುದು. ಅದನ್ನೇ ನಂಬಿ ಸುಗ್ಗಿಯಲ್ಲೂ ಏರೇ ಇರುತ್ತದೆ ಅಂತ ಕೂರಬೇಡಿ. ತಡೆದ ಮಾಲು ಎಲ್ಲೂ ಹೋಗುವುದಿಲ್ಲ, ತಡವಾಗಿ ಬರುತ್ತದೆ ಅಷ್ಟೇ. ಬೆಂಬಲ ಬೆಲೆ ಖರೀದಿ ಕೇಂದ್ರ ತೆರೆದ ಕೂಡಲೇ ಹೆಸರು ನೋಂದಾಯಿಸಿಡಿ. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ ಇಟ್ಟರು. ಮಾರುವುದು ಬಿಡುವುದು ನಿಮ್ಮ ಕೈಯಲ್ಲಿ, ಆದರೆ ಹೆಸರು ಇರಲಿ.

ಗಲಾಟೆ ಆಗುತ್ತದೋ ಇಲ್ಲವೋ, ಹೇಗೆ ಅಂದಾಜು ಮಾಡುವುದು

ಪಕ್ಕಾ ಹೇಳಲು ಯಾರಿಂದಲೂ ಆಗುವುದಿಲ್ಲ. 2007ರ ಕೀನ್ಯಾವನ್ನು ಹೊರಗಿನವರು ಗಟ್ಟಿ ದೇಶ ಅಂತಲೇ ಎಣಿಸಿದ್ದರು. ಆದರೂ ಕೆಲವು ಪ್ರಶ್ನೆ ಕೇಳಿಕೊಂಡರೆ ಅಂದಾಜು ಸಿಗುತ್ತದೆ.

ಮೊದಲನೆಯದು, ಎದುರಾಳಿಯನ್ನು ನಿಲ್ಲಲು ಬಿಟ್ಟಿದ್ದಾರಾ? ತಾಂಜಾನಿಯಾದಲ್ಲಿ 2025ರ ಏಪ್ರಿಲ್‌ನಲ್ಲೇ ಮುಖ್ಯ ವಿರೋಧ ಪಕ್ಷ ಚಡೇಮಾದ ನಾಯಕ ಟುಂಡು ಲಿಸ್ಸು ಅವರನ್ನು ಬಂಧಿಸಿ ದೇಶದ್ರೋಹದ ಕೇಸು ಹಾಕಿದರು. ಪಕ್ಷವನ್ನೇ ಚುನಾವಣೆಯಿಂದ ಹೊರಗಿಟ್ಟರು. ಅಕ್ಟೋಬರ್ 29ಕ್ಕೆ ಮತದಾನ, ಅದೇ ದಿನ ಬೀದಿಯಲ್ಲಿ ಗಲಾಟೆ, ದಾರ್ ಎಸ್ ಸಲಾಮ್‌ನಲ್ಲಿ ಕರ್ಫ್ಯೂ, ಇಡೀ ದೇಶಕ್ಕೆ ಇಂಟರ್ನೆಟ್ ಬಂದ್. ಅಧ್ಯಕ್ಷೆ ಸಾಮಿಯಾ ಸುಲುಹು ಹಸನ್ ಅವರಿಗೆ ಶೇ 98ರಷ್ಟು ಮತ ಬಿತ್ತು ಅಂತ ಘೋಷಣೆ ಆಯಿತು. ಏಪ್ರಿಲ್‌ನ ಸುದ್ದಿ ಓದಿದವರಿಗೆ ಆರು ತಿಂಗಳು ಸಮಯ ಇತ್ತು. ಲೋಡಿಂಗ್ ತಾರೀಖು ಹಿಂದೆ ಮುಂದೆ ಮಾಡಲು ಅದು ಸಾಕಷ್ಟು ಸಮಯ.

ಎರಡನೆಯದು, ಸೋತವನಿಗೆ ಹೋಗಲು ಒಂದು ಬಾಗಿಲು ಇದೆಯಾ? ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು. ಕೀನ್ಯಾದ ಸುಪ್ರೀಂ ಕೋರ್ಟ್ 2017ರ ಸೆಪ್ಟೆಂಬರ್ 1ರಂದು ಅಧ್ಯಕ್ಷೀಯ ಚುನಾವಣೆಯನ್ನೇ ರದ್ದು ಮಾಡಿತು. ಮಲಾವಿಯ ಕೋರ್ಟ್ 2020ರ ಫೆಬ್ರವರಿಯಲ್ಲಿ ಅದೇ ಕೆಲಸ ಮಾಡಿತು. ಅಲ್ಲಿ ಮತ ಎಣಿಕೆಯ ಹಾಳೆಗಳ ಮೇಲೆ ಬಿಳಿ ವೈಟ್ನರ್ ಹಚ್ಚಿ ಅಂಕಿ ತಿದ್ದಿದ್ದರು. ತಿಂಗಳುಗಟ್ಟಲೆ ಬೀದಿ ಹೋರಾಟ ನಡೆಯಿತು, ನ್ಯಾಯಾಧೀಶರು ತೀರ್ಪು ಕೊಟ್ಟರು, ಜೂನ್‌ನಲ್ಲಿ ಮರು ಚುನಾವಣೆ ಆಗಿ ಲಜಾರಸ್ ಚಕ್ವೇರಾ ಗೆದ್ದರು. 2025ರ ಸೆಪ್ಟೆಂಬರ್‌ನಲ್ಲಿ ಅದೇ ಚಕ್ವೇರಾ ಪೀಟರ್ ಮುಥಾರಿಕಾ ಎದುರು ಸೋತು, ಸೋಲು ಒಪ್ಪಿಕೊಂಡು ಕೆಳಗಿಳಿದರು. ಬಡ ದೇಶ, ಡಾಲರ್‌ಗೆ ಪರದಾಡುವ ದೇಶ, ಆದರೂ ಈ ಒಂದು ವಿಷಯದಲ್ಲಿ ನಂಬಿಕೆ ಇಡಬಹುದು. ಮೊಜಾಂಬಿಕ್‌ನಲ್ಲಿ 1975ರಲ್ಲಿ ಸ್ವಾತಂತ್ರ್ಯ ಬಂದಾಗಿನಿಂದ ಒಂದೇ ಪಕ್ಷ ಗದ್ದುಗೆಯಲ್ಲಿದೆ. ಅಲ್ಲಿನ ಹುಡುಗರಿಗೆ ಕೋರ್ಟ್ ಮೇಲೆ ನಂಬಿಕೆ ಹುಟ್ಟಲಿಲ್ಲ, ರಸ್ತೆಗೆ ಬಂದರು.

ಮೂರನೆಯದು ಸಣ್ಣದು. ಚುನಾವಣಾ ವೀಕ್ಷಕರ ಹೇಳಿಕೆಗಳನ್ನು ಓದಿ. ಮೊಜಾಂಬಿಕ್‌ನಲ್ಲಿ ಯುರೋಪಿಯನ್ ಯೂನಿಯನ್ ತಂಡ, ಎಣಿಕೆಯಲ್ಲಿ ಅಕ್ರಮ ಇದೆ, ಅಂಕಿ ಬದಲಾಗಿದೆ ಅಂತ ಬಾಯಿಬಿಟ್ಟೇ ಹೇಳಿತು. ವೀಕ್ಷಕರು ಇಷ್ಟು ಹೇಳಿದರು ಅಂದರೆ ನಿಮ್ಮ ಸಪ್ಲೈಯರ್‌ಗೆ ಅವತ್ತೇ ಫೋನ್ ಹಚ್ಚಿ.

ಏಟು ಬೀಳುವುದು ಎಲ್ಲಿ

ಗೋದಾಮಿಗೆ ಬೆಂಕಿ ಬೀಳುತ್ತದೆ ಅಂತ ಎಲ್ಲರಿಗೂ ಭಯ. ಅದು ಆಗುತ್ತದೆ, ಆದರೆ ಕಡಿಮೆ. ಜಾಸ್ತಿ ಆಗುವುದು ರಸ್ತೆ ಬಂದ್. 2024ರ ನವೆಂಬರ್‌ನಲ್ಲಿ ಮೊಂಡ್ಲೇನ್ ದೇಶದ ಹೊರಗೆ ಕೂತು ಫೇಸ್‌ಬುಕ್ ಲೈವ್‌ನಲ್ಲಿ ರಸ್ತೆ, ಗಡಿ, ಬಂದರು ನಿಲ್ಲಿಸಿ ಅಂತ ಕರೆ ಕೊಡುತ್ತಿದ್ದರು. ದಕ್ಷಿಣ ಆಫ್ರಿಕಾ ತನ್ನ ಲೆಬೊಂಬೊ ಗಡಿ ಠಾಣೆಯನ್ನೇ ಮುಚ್ಚಬೇಕಾಯಿತು. ನಮ್ಮ ತೊಗರಿಗೆ ಮುಖ್ಯವಾದ ನಕಾಲಾ ಬಂದರಿಗೆ ನಂಪುಲಾ ದಾಟಿಯೇ ಬರಬೇಕು, ಆ ನಂಪುಲಾದಲ್ಲೂ ಗಲಾಟೆ ಜೋರಾಗಿತ್ತು. ಬಂದರು ತೆರೆದಿದ್ದು ಲಾರಿ ಬರದಿದ್ದರೆ ಏನು ಉಪಯೋಗ?

ಎರಡನೇ ಏಟು ಕಾಗದದ್ದು. ಹೊರಗಿನ ತೊಗರಿ ಭಾರತಕ್ಕೆ ಇಳಿಯಬೇಕಾದರೆ ಆ ದೇಶದ ಕೃಷಿ ಇಲಾಖೆಯ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಕಚೇರಿ ಬಾಗಿಲು ಹಾಕಿತು, ಅಧಿಕಾರಿ ಮನೆಯಿಂದ ಹೊರಬರಲಿಲ್ಲ ಅಂದರೆ ಮಾಲು ಚೀಲದಲ್ಲಿ ರೆಡಿ ಇದ್ದರೂ ಹಡಗು ಹತ್ತುವುದಿಲ್ಲ. ಇಂಟರ್ನೆಟ್ ಇಲ್ಲದಿದ್ದರೆ ಕಸ್ಟಮ್ಸ್ ಎಂಟ್ರಿ ಇಲ್ಲ, ಬ್ಯಾಂಕ್ ಸಂದೇಶ ಇಲ್ಲ, ಸಪ್ಲೈಯರ್ ವಾಟ್ಸ್ಆ್ಯಪ್‌ಗೂ ಸಿಗುವುದಿಲ್ಲ. ಅದಕ್ಕೇ ಅವರ ಸಾದಾ ಫೋನ್ ನಂಬರ್, ಬೇರೆ ದೇಶದಲ್ಲಿರುವ ಅವರ ಒಬ್ಬ ಮನುಷ್ಯನ ನಂಬರ್ ಎರಡೂ ಮುಂಚೆಯೇ ಇಸಿದುಕೊಳ್ಳಿ.

ಇನ್ನೊಂದು ವಿಷಯ ಬಹಳ ಮಂದಿಗೆ ಹೊಳೆಯುವುದಿಲ್ಲ. ಮಲಾವಿಗೆ ಸಮುದ್ರ ಇಲ್ಲ. ಅಲ್ಲಿನ ಮಾಲು ಮೊಜಾಂಬಿಕ್‌ನ ನಕಾಲಾ, ಬೈರಾ ಬಂದರಿನಿಂದಲೋ ತಾಂಜಾನಿಯಾದ ದಾರ್ ಎಸ್ ಸಲಾಮ್‌ನಿಂದಲೋ ಹೊರಡಬೇಕು. ಮಲಾವಿ ಶಾಂತವಾಗಿದೆ ಅಂತ ಅಲ್ಲಿಂದ ಕೊಂಡರೂ ಗಲಾಟೆ ಪಕ್ಕದ ದೇಶದಲ್ಲಿ ಸಿಗುತ್ತದೆ. 2008ರಲ್ಲಿ ನೈರೋಬಿಯ ಕಿಬೇರಾ ಕೊಳೆಗೇರಿಯಲ್ಲಿ ರೈಲು ಹಳಿ ಕಿತ್ತುಹಾಕಿದಾಗ ಪಕ್ಕದ ಉಗಾಂಡಾದಲ್ಲಿ ಪೆಟ್ರೋಲ್‌ಗೆ ಪರದಾಟ ಆಗಿತ್ತು. ಹೀಗಾಗಿ ಮಾಲು ಹುಟ್ಟುವ ದೇಶದ ಚುನಾವಣೆ ಜೊತೆ ಅದು ನಡೆಯುವ ದಾರಿಯ ಚುನಾವಣೆಯನ್ನೂ ನೋಡಿ.

ಎಲ್‌ಸಿ ಮತ್ತು ವಿಮೆ: ಕಣ್ಣಿಟ್ಟು ಓದಬೇಕಾದ ಜಾಗ

ನೇರ ತರಿಸುವವರು ಇಲ್ಲಿ ನಿಧಾನವಾಗಿ ಓದಿ. ಎಲ್‌ಸಿ ಅಂದರೆ ಲೆಟರ್ ಆಫ್ ಕ್ರೆಡಿಟ್, ಕಾಗದ ಸರಿಯಿದ್ದರೆ ಮಾರಿದವನಿಗೆ ಹಣ ಕೊಡುತ್ತೇವೆ ಅನ್ನುವ ಬ್ಯಾಂಕಿನ ಖಾತ್ರಿ. ಅದರಲ್ಲಿ ಎರಡು ತಾರೀಖು ಇರುತ್ತವೆ. ಒಂದು, ಮಾಲು ಹಡಗು ಹತ್ತಲು ಕೊನೇ ದಿನ. ಇನ್ನೊಂದು, ಎಲ್‌ಸಿ ಮುಗಿಯುವ ದಿನ. ಎರಡಕ್ಕೂ ನಡುವೆ ಸಾಮಾನ್ಯವಾಗಿ 21 ದಿನ ಇಡುತ್ತಾರೆ. ಮತದಾನ ಅಕ್ಟೋಬರ್ 9ಕ್ಕೆ ಇದ್ದು ನೀವು ಹಡಗಿಗೆ ಅಕ್ಟೋಬರ್ 31, ಎಲ್‌ಸಿಗೆ ನವೆಂಬರ್ 21 ಅಂತ ಇಟ್ಟರೆ ಎರಡೂ ತಾರೀಖು ಗಲಾಟೆಯ ಹೊಟ್ಟೆಯಲ್ಲೇ ಬೀಳುತ್ತವೆ. ಎಲ್‌ಸಿಗಳೆಲ್ಲ ನಡೆಯುವ ಅಂತರರಾಷ್ಟ್ರೀಯ ನಿಯಮ ಯುಸಿಪಿ 600. ಅದರ 36ನೇ ಕಲಮು ಹೇಳುವುದು ಏನು ಅಂದರೆ, ದಂಗೆ ಗಲಭೆಯಿಂದ ಬ್ಯಾಂಕ್ ಮುಚ್ಚಿದ್ದಾಗ ಎಲ್‌ಸಿಯ ಅವಧಿ ಮುಗಿದರೆ, ಬ್ಯಾಂಕ್ ಮತ್ತೆ ತೆರೆದ ಮೇಲೆ ಅದರ ಮೇಲೆ ಹಣ ಕೊಡುವುದಿಲ್ಲ. ಮಾರಿದವನಿಗೆ ದುಡ್ಡು ಸಿಗದಿದ್ದರೆ ಅವನು ಮಾಲನ್ನು ಬೇರೆ ಪಾರ್ಟಿಗೆ ಕೊಡುತ್ತಾನೆ, ಅಥವಾ ಅವಧಿ ಮುಂದೂಡಿ ಅಂತ ಕೇಳಿ ದರವನ್ನೂ ಏರಿಸುತ್ತಾನೆ.

ಹಾಗಾದರೆ ಏನು ಮಾಡಬೇಕು? ಸಾಧ್ಯ ಇದ್ದರೆ ಅರ್ಧ ಮಾಲು ಮತದಾನಕ್ಕೂ ಮುಂಚೆ ಹಡಗು ಹತ್ತುವ ಹಾಗೆ ಮಾತಾಡಿ. ತುಂಡು ತುಂಡಾಗಿ ಕಳಿಸಬಹುದು ಅಂತ ಎಲ್‌ಸಿಯಲ್ಲೇ ಬರೆಸಿ. ಬಂದರಿನ ಹೆಸರು ನಕಾಲಾ ಅಂತ ಒಂದೇ ಬರೆಯದೆ ಮೊಜಾಂಬಿಕ್‌ನ ಯಾವುದೇ ಬಂದರು ಅಂತ ಬರೆಸಿ, ಇದಕ್ಕೆ ಖರ್ಚೇನೂ ಇಲ್ಲ, ಆದರೂ ಎಷ್ಟೋ ಜನ ಬರೆಸುವುದಿಲ್ಲ. ಉಳಿದ ಮಾಲಿಗೆ ಎಲ್‌ಸಿ ಅವಧಿಯನ್ನು ಪ್ರಮಾಣ ವಚನದ ತಾರೀಖು ದಾಟಿಸಿ. ಬ್ಯಾಂಕ್ ಕಮಿಷನ್ ಸ್ವಲ್ಪ ಜಾಸ್ತಿ ಆಗುತ್ತದೆ, ಆಗಲಿ.

ವಿಮೆಯಲ್ಲಿ ಇದಕ್ಕಿಂತ ದೊಡ್ಡ ಗುಂಡಿ ಇದೆ. ಎಲ್ಲಾ ಅಪಾಯಕ್ಕೂ ಅನ್ನುವ 'ಎ' ಕ್ಲಾಜ್ ಮರೈನ್ ಪಾಲಿಸಿ (ಹಡಗು ಸಾಗಣೆಯ ವಿಮೆ) ತೆಗೆದುಕೊಂಡರೂ ಗಲಭೆ, ಮುಷ್ಕರ, ದಂಗೆಯ ನಷ್ಟ ಅದರಲ್ಲಿ ಸೇರಿರುವುದಿಲ್ಲ. ಅದನ್ನು ಸ್ಟ್ರೈಕ್ಸ್ ಕ್ಲಾಜ್ ಅಂತ ಬೇರೆ ಸೇರಿಸಬೇಕು. ಸಿಐಎಫ್ ದರದಲ್ಲಿ (ಮಾಲು, ವಿಮೆ, ಹಡಗು ಬಾಡಿಗೆ ಎಲ್ಲಾ ಸೇರಿದ ದರ) ಕೊಂಡರೆ ಮಾರುವವನೇ ವಿಮೆ ಮಾಡಿಸುತ್ತಾನೆ, ಆದರೆ ನೀವು ಬಾಯಿಬಿಟ್ಟು ಕೇಳದಿದ್ದರೆ ಅವನು ಅತಿ ಕಡಿಮೆಯದಾದ 'ಸಿ' ಮಾಡಿಸಿ ಕೈತೊಳೆದುಕೊಳ್ಳಬಹುದು, ನಿಯಮದಲ್ಲಿ ಅಷ್ಟೇ ಸಾಕು. ಇನ್ನು ಸ್ಟ್ರೈಕ್ಸ್ ಕ್ಲಾಜ್ ಇದ್ದರೂ ಅದು ಮಾಲು ಸುಟ್ಟರೆ, ಒಡೆದರೆ, ಲೂಟಿಯಾದರೆ ಕೊಡುತ್ತದೆ. ತಡವಾದ ನಷ್ಟಕ್ಕೆ ಒಂದು ರೂಪಾಯಿಯೂ ಕೊಡುವುದಿಲ್ಲ. ನಿಮಗೆ ಆಗುವ ನಷ್ಟ ಬಹುಪಾಲು ತಡದಿಂದಲೇ ಆಗುವುದು, ಅಲ್ವಾ? ಅದನ್ನು ಸೌದೆಯಲ್ಲೇ, ಅಂದರೆ ಖರೀದಿ ಕರಾರಿನಲ್ಲೇ, ಬರೆಸಬೇಕು: ಇಷ್ಟು ದಿನ ದಾಟಿದರೆ ಕ್ವಿಂಟಲ್‌ಗೆ ಇಷ್ಟು ಕಡಿತ, ಇಷ್ಟು ದಿನ ದಾಟಿದರೆ ಸೌದೆ ರದ್ದು, ಬಂದರಿನಲ್ಲಿ ಬಿದ್ದ ಕಂಟೇನರ್ ಬಾಡಿಗೆ ಯಾರ ತಲೆಗೆ. ಗಲಾಟೆ ಶುರುವಾದ ಮೇಲೆ ಇದನ್ನು ಯಾರೂ ಒಪ್ಪುವುದಿಲ್ಲ. ಮುಂಚೆಯೇ ಬರೆಸಿಕೊಳ್ಳಿ.

ಅಲ್ಲೇ ದುಡ್ಡು ಹಾಕುವವರಿಗೆ

ಮಾಲು ತರಿಸುವವನು ಒಂದು ಹಂಗಾಮು ಕಳೆದುಕೊಂಡು ಸುಧಾರಿಸಿಕೊಳ್ಳಬಹುದು. ಗೋದಾಮು ಕಟ್ಟಿದವನು ಅದನ್ನು ಎತ್ತಿಕೊಂಡು ಬರಲು ಆಗುವುದಿಲ್ಲ. ಮ್ಯಾನ್ಮಾರ್‌ನಲ್ಲಿ 2020ರ ನವೆಂಬರ್ ಚುನಾವಣೆಯಲ್ಲಿ ಮೋಸ ಆಗಿದೆ ಅಂತ ನೆಪ ಹೇಳಿ 2021ರ ಫೆಬ್ರವರಿ 1ಕ್ಕೆ ಸೈನ್ಯ ಅಧಿಕಾರ ಕಿತ್ತುಕೊಂಡಿತು. ಯಾಂಗೊನ್‌ನಲ್ಲಿ ಬಂದರು ಕಟ್ಟುತ್ತಿದ್ದ ಅದಾನಿ ಪೋರ್ಟ್ಸ್ 2023ರಲ್ಲಿ ಅದನ್ನು 3 ಕೋಟಿ ಡಾಲರ್‌ಗೆ ಮಾರಿ ಹೊರಬಂತು, ಹಾಕಿದ್ದಕ್ಕಿಂತ ಬಹಳ ಕಡಿಮೆಗೆ. ಅಷ್ಟು ದೊಡ್ಡ ಕಂಪನಿಗೇ ಹಾಗಾದರೆ ಕಪನೂರಿನ ಒಂದು ಮಿಲ್‌ನ ಗತಿ ಯೋಚಿಸಿ. ಮೊಜಾಂಬಿಕ್‌ನ ಉತ್ತರದ ಗ್ಯಾಸ್ ಯೋಜನೆಯಲ್ಲಿ ನಮ್ಮ ಸರ್ಕಾರಿ ಕಂಪನಿಗಳ ಪಾಲು ಶೇ 30. ಅದು 2021ರ ಏಪ್ರಿಲ್‌ನಲ್ಲಿ ನಿಂತದ್ದು ಚುನಾವಣೆಯಿಂದ ಅಲ್ಲ, ಉಗ್ರರ ದಾಳಿಯಿಂದ. ಎರಡನ್ನೂ ಕಲಸಬೇಡಿ. ಚುನಾವಣೆ ಗಲಾಟೆಗೆ ತಾರೀಖು ಇರುತ್ತದೆ, ಅದಕ್ಕೆ ತಯಾರಿ ಮಾಡಿಕೊಳ್ಳಬಹುದು.

ಇನ್ನೊಂದು ಮುಖವೂ ಇದೆ. ಕೀನ್ಯಾ 2008ರಲ್ಲಿ ಉರಿಯಿತು, 2010ರಲ್ಲಿ ಏರ್‌ಟೆಲ್ ಕೀನ್ಯಾ ಸೇರಿ ಆಫ್ರಿಕಾದ ಹಲವು ದೇಶಗಳ ಮೊಬೈಲ್ ಕಂಪನಿಗಳನ್ನು 1,070 ಕೋಟಿ ಡಾಲರ್ ಲೆಕ್ಕದಲ್ಲಿ ಕೊಂಡಿತು. ಗಲಾಟೆ ಆದ ದೇಶಕ್ಕೆ ಯಾರೂ ಹೋಗುವುದಿಲ್ಲ ಅನ್ನುವುದು ಸುಳ್ಳು. ಗಲಾಟೆ ಹೇಗೆ ಮುಗಿಯಿತು ಅಂತ ನೋಡಿ ಹೋಗುತ್ತಾರೆ. ಒಪ್ಪಂದದಲ್ಲಿ ಮುಗಿಯಿತೋ, ಬಂದೂಕಿನಲ್ಲಿ ಮುಗಿಯಿತೋ, ಅದು ಮುಖ್ಯ.

ಹೀಗಾಗಿ ನನ್ನ ಸಲಹೆ: ಮೊದಲ ಚುನಾವಣೆ ದಾಟುವ ತನಕ ಕಟ್ಟಬೇಡಿ, ಬಾಡಿಗೆಗೆ ಹಿಡಿಯಿರಿ. ಮಷೀನ್ ಕೂಡ ಬಿಚ್ಚಿ ಸಾಗಿಸಲು ಬರುವಂಥದ್ದು ನೋಡಿ. ರೊಕ್ಕ ಒಂದೇ ಸಲ ಕಳಿಸಬೇಡಿ. ಕಂಪನಿ ಹೆಸರಲ್ಲಿ ಹೂಡುವುದಾದರೆ 2022ರ ನಿಯಮದಂತೆ ನೆಟ್‌ವರ್ತ್‌ನ ಶೇ 400ರವರೆಗೆ ಆರ್‌ಬಿಐ ಅನುಮತಿ ಕೇಳದೆ ಹೂಡಬಹುದು, ಆದರೆ ದುಡ್ಡು ಕಳಿಸುವ ಮುಂಚೆ ಬ್ಯಾಂಕ್ ಮೂಲಕ ಫಾರ್ಮ್ ಎಫ್‌ಸಿ ಕೊಟ್ಟು ಯುಐಎನ್ ಅನ್ನುವ ಆ ಹೂಡಿಕೆಯ ಗುರುತಿನ ನಂಬರ್ ಪಡೆಯಲೇಬೇಕು. ಒಬ್ಬ ವ್ಯಕ್ತಿಗೆ ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ. ಹವಾಲಾ ದಾರಿಯಲ್ಲಿ ಕಳಿಸಿದ ರೊಕ್ಕಕ್ಕೆ ಕಾನೂನೂ ಇಲ್ಲ, ವಿಮೆಯೂ ಇಲ್ಲ. ಹೊರದೇಶದ ಹೂಡಿಕೆಗೆ ಭಾರತ ಸರ್ಕಾರದ ವಿಮಾ ಕಂಪನಿ ಇಸಿಜಿಸಿ ವಿಮೆ ಕೊಡುತ್ತದೆ, ವಿಶ್ವಬ್ಯಾಂಕ್ ಗುಂಪಿನ ಮಿಗಾ ಕೂಡ ಯುದ್ಧ, ಗಲಭೆ, ಸರ್ಕಾರದ ಜಪ್ತಿ, ಹಣ ಹೊರಗೆ ತರಲು ತಡೆ ಇವಕ್ಕೆ ರಕ್ಷಣೆ ಕೊಡುತ್ತದೆ. ಎಲ್ಲಾ ತಣ್ಣಗಿರುವಾಗಲೇ ಕೇಳಿ.

ಅಲ್ಲಿ ನಿಮ್ಮ ಮನುಷ್ಯರು ಇದ್ದರೆ ಮೊದಲ ದಿನವೇ ಭಾರತೀಯ ಹೈಕಮಿಷನ್‌ನಲ್ಲಿ ಹೆಸರು ನೋಂದಾಯಿಸಿ. ಮತದಾನದಿಂದ ಪ್ರಮಾಣ ವಚನದವರೆಗೆ ಮಾಲು ಕಾಯಲು ಯಾರನ್ನೂ ಕೂರಿಸಬೇಡಿ. ತೊಗರಿ ಹೋದರೆ ಮುಂದಿನ ವರ್ಷ ಬೆಳೆಯುತ್ತದೆ.

ನಮ್ಮ ಊರನ್ನೂ ಯಾರೋ ಹೀಗೇ ನೋಡುತ್ತಿರುತ್ತಾರೆ

ಚಿಂಚೋಳಿ ತಾಲ್ಲೂಕಿನ ಛತ್ರಸಾಲದಲ್ಲಿ ಫ್ರಾನ್ಸ್‌ನ ವಿಕಾ ಗುಂಪಿನ ಸಿಮೆಂಟ್ ಕಾರ್ಖಾನೆ ಇದೆ. ಕಲಬುರಗಿಗೆ ಪಿಎಂ ಮಿತ್ರ ಜವಳಿ ಪಾರ್ಕ್ 2023ರಲ್ಲಿ ಘೋಷಣೆ ಆಯಿತು. ಅಲ್ಲಿಗೆ ಹೊರಗಿನಿಂದ ದುಡ್ಡು ಹಾಕಲು ಬರುವವರು ನಾನು ಮೇಲೆ ಬರೆದ ಪ್ರಶ್ನೆಗಳನ್ನೇ ನಮ್ಮ ಬಗ್ಗೆ ಕೇಳುತ್ತಾರೆ: ಇಲ್ಲಿ ಸೋತವರು ಒಪ್ಪಿಕೊಳ್ಳುತ್ತಾರಾ, ತಕರಾರಿಗೆ ಕೋರ್ಟ್ ಇದೆಯಾ, ಮತದಾನದ ಮರುದಿನ ಲಾರಿ ಓಡುತ್ತದಾ? 2024ರ ಮೇ 7ಕ್ಕೆ ನಮ್ಮಲ್ಲಿ ಮತದಾನ, ಜೂನ್ 4ಕ್ಕೆ ಎಣಿಕೆ ಆಯಿತು. ಹಳ್ಳಿಯಲ್ಲಿ ಪಂಚಾಯಿತಿ ಚುನಾವಣೆ ಜಗಳ ಒಂದು ಬಡಿದಾಟಕ್ಕೆ ಹೋದರೂ ಅದು ಫೋನ್‌ನಲ್ಲಿ ವಿಡಿಯೊ ಆಗಿ ಎಲ್ಲಿಗೋ ತಲುಪುತ್ತದೆ. ಅದು ನಮ್ಮ ಹುಡುಗರ ಕೆಲಸದ ಪ್ರಶ್ನೆ.

ಗಂಜ್ ಮಂದಿಗೆ ಒಂದು ಚಿಕ್ಕ ವಿಷಯ: ನೀತಿ ಸಂಹಿತೆ ಇರುವಾಗ 50 ಸಾವಿರಕ್ಕಿಂತ ಜಾಸ್ತಿ ನಗದು ಒಯ್ಯುವುದಾದರೆ ಅಡತಿ ಪಟ್ಟಿ, ಬ್ಯಾಂಕ್ ಚೀಟಿ ಜೊತೆಗಿರಲಿ. ಚೆಕ್‌ಪೋಸ್ಟ್‌ನಲ್ಲಿ ಕಾಗದ ಇಲ್ಲದಿದ್ದರೆ ಜಪ್ತಿ ಮಾಡುತ್ತಾರೆ.

ಇನ್ನು ಮುಂದಿನ ತಾರೀಖು. ಕೀನ್ಯಾದ ಸಂವಿಧಾನದಲ್ಲಿ ಐದು ವರ್ಷಕ್ಕೊಮ್ಮೆ ಆಗಸ್ಟ್‌ನ ಎರಡನೇ ಮಂಗಳವಾರ ಅಂತ ಬರೆದಿದೆ. ಅಂದರೆ 2027ರ ಆಗಸ್ಟ್ 10. ಮೊಜಾಂಬಿಕ್‌ನಲ್ಲಿ ಮುಂದಿನ ಅಧ್ಯಕ್ಷೀಯ ಚುನಾವಣೆ 2029ಕ್ಕೆ, ಮಲಾವಿ, ತಾಂಜಾನಿಯಾದ್ದು 2030ಕ್ಕೆ. ಮೊಂಬಾಸಾ ಬಂದರಿನಿಂದ ಮಾಲು ತರಿಸುವ ಯೋಚನೆ ಇದ್ದವರು 2027ರ ಸೌದೆಗೆ ಕೂರುವಾಗ ಹಡಗಿನ ಕೊನೇ ದಿನವನ್ನು ಜುಲೈ ಕೊನೆಗೆ ಮುಗಿಸಿ, ಇಲ್ಲವೇ ಸೆಪ್ಟೆಂಬರ್ ಕೊನೆಗೆ ತಳ್ಳಿ. ನಡುವಿನ ಎರಡು ತಿಂಗಳಿಗೆ ಅಡ್ವಾನ್ಸ್ ಕೊಡಬೇಡಿ.